ನಂದಾದೀಪವೂ ಹಸಿರೂ

ನವರಾತ್ರಿಯಲ್ಲಿ ನಮ್ಮ ಧಾರವಾಡ ಸೀಮೆಯ ಅನೇಕ ಮನೆಗಳಲ್ಲಿ ಘಟ್ಟ ಹಾಕುವ ಪದ್ಧತಿಯುಂಟು. ದೇವರ ಮನೆಯ ಒಂದು ಮೂಲೆಯಲ್ಲಿ ಹೊಲದ ಮಣ್ಣನ್ನು ಹರಡಿ, ಅದರಲ್ಲಿ ಗೋಧಿ, ಜೋಳ ಮೊದಲಾದ ಕಾಳುಗಳನ್ನು ಬಿತ್ತಿ, ನಡುವೆ ಕಲಶವನ್ನಿರಿಸಿ, ಪಕ್ಕದಲ್ಲಿ ನಂದಾದೀಪವನ್ನು ಹಚ್ಚುತ್ತಾರೆ. ಒಂಬತ್ತು ಹಗಲು ಒಂಬತ್ತು ಇರುಳು ಆ ದೀಪ ಆರಬಾರದು. ದಸರೆಯ ಹೊತ್ತಿಗೆ ಸಸಿಗಳು ಗೇಣುದ್ದ ಎದ್ದು ನಿಲ್ಲುತ್ತವೆ. ಹಿರಿಯರು ಬನ್ನಿ ಮುಡಿಯಲು ಹೊರಡುವಾಗ ಅವುಗಳನ್ನು ಟೊಪ್ಪಿಗೆಯಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ಸಸಿಗಳ ಬಣ್ಣ ಹಸಿರಲ್ಲ, ಹಳದಿ. ಹುಡುಗನಾಗಿದ್ದಾಗ ಒಮ್ಮೆ ಕೇಳಿದ್ದೆ: “ಅವ್ವಾ, ಹೊಲದಾಗಿನ ಜ್ವಾಳ ಹಸರ ಇರತದ, ಇದ್ಯಾಕ ಹಳದಿ ಅದ?” ಅವ್ವ ಕಲಶಕ್ಕೆ ಹೂವೇರಿಸುತ್ತ ಹೇಳಿದ್ದಳು: “ದೇವರ ಸಸಿ ಬಂಗಾರದ ಬಣ್ಣದ್ದ ಇರಬೇಕಪಾ.”

ಆ ಉತ್ತರದಿಂದ ನನಗೆ ಆಗ ಪೂರ್ಣ ಸಮಾಧಾನವಾಗಿತ್ತು. ಕತ್ತಲೆಯಲ್ಲಿ ಬೆಳೆದ ಸಸಿ ಹಳದಿಯಾಗುವುದು ಸಹಜವೆಂಬುದನ್ನು ಮುಂದೆ ಶಾಲೆಯ ಪುಸ್ತಕದಲ್ಲಿ ಓದಿದೆ. ಹಾಗಾದರೆ ಪಕ್ಕದಲ್ಲಿಯೇ ಎಡೆಬಿಡದೆ ಉರಿಯುತ್ತಿದ್ದ ದೀಪದ ಬೆಳಕು ಎಲ್ಲಿ ಹೋಯಿತು ಎಂಬ ಪ್ರಶ್ನೆ ಹೊಳೆದದ್ದು ಮಾತ್ರ ಐವತ್ತು ವರುಷಗಳ ತರುವಾಯ, ಬೆಂಗಳೂರಿನ ಒಂದು ಕಟ್ಟಡದ ಎರಡನೆಯ ಅಂತಸ್ತಿನ ಚಿಕ್ಕ ಮನೆಯಲ್ಲಿ.

ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿಯೂ ವಾಸಕ್ಕೆ ಬಂದ ಈ ಮನೆಗೆ ಮೂಡಣ ದಿಕ್ಕಿಗೆ ಒಂದು ಬಾಲ್ಕನಿ ಇದೆ. ಊರಿನ ಅಂಗಳದಿಂದ ತಂದ ತುಳಸಿ, ದೊಡ್ಡಪತ್ರೆ, ಪುದೀನ, ಒಂದು ಅಗಲವಾದ ಕುಂಡದಲ್ಲಿ ಕೊತ್ತಂಬರಿ, ಇವಿಷ್ಟೂ ಅಲ್ಲಿ ಮೂರು ವರ್ಷ ನೆಮ್ಮದಿಯಿಂದ ಬಾಳಿದವು. ಆಮೇಲೆ ಎದುರು ನಿವೇಶನದಲ್ಲಿ ಆರಂತಸ್ತಿನ ಕಟ್ಟಡವೆದ್ದಿತು. ಒಂದೊಂದು ಅಂತಸ್ತು ಏರಿದಂತೆ ನಮ್ಮ ಬೆಳಗಿನ ಬಿಸಿಲು ಒಂದೊಂದು ಗೇಣು ಹಿಂದೆ ಸರಿದು, ಕೊನೆಗೆ ಇಲ್ಲವೇ ಆಯಿತು. ದೊಡ್ಡಪತ್ರೆಯ ದಂಟು ಉದ್ದವಾಗಿ ಜೋತುಬಿದ್ದಿತು, ಎಲೆಯ ದಪ್ಪ ಕರಗಿತು. ಪುದೀನ ಬಳ್ಳಿಯಂತೆ ತೆವಳಿತು. ತುಳಸಿ ಎಲೆಯುದುರಿಸಿ ಕಡ್ಡಿಯಾಗತೊಡಗಿದಾಗ ನನ್ನ ಹೆಂಡತಿ ಮಾತು ಕಡಿಮೆ ಮಾಡಿದಳು. ಅದು ಅವಳ ತವರಿನ ತುಳಸಿಯ ಬೀಜದಿಂದ ಬಂದದ್ದು. ತವರುಮನೆಯಲ್ಲಿ ಈಗ ಯಾರೂ ಇಲ್ಲ.

ಗಿಡ ಬೆಳೆಸುವ ದೀಪಗಳು ಬಂದಿವೆಯೆಂದು ಯಾರೋ ಹೇಳಿದರು. ನಾನು ಅಂಗಡಿಗೆ ಹೋದೆ. ಅಂಗಡಿಯವನು ಮೂರು ಬಗೆಯ ದೀಪಗಳನ್ನು ತೆಗೆದಿಟ್ಟ. ಒಂದು ನೇರಳೆ ಬಣ್ಣದ್ದು, ಒಂದು ಹಳೆಯ ಕಾಲದ ಬಲ್ಬಿನ ಆಕಾರದ್ದು, ಮತ್ತೊಂದು ಸಾಧಾರಣ ಬಿಳಿಯ ಉದ್ದನೆಯ ಪಟ್ಟಿ. “ನೇರಳೆಯದೇ ಸ್ಪೆಷಲ್ಲು ಸಾರ್, ಗಿಡಕ್ಕೇಂತಲೇ ಮಾಡಿರೋದು” ಎಂದ. ಬೆಲೆಯೂ ಅದಕ್ಕೇ ಹೆಚ್ಚು. ಏಕೆ ಸ್ಪೆಷಲ್ಲು ಎಂದು ಕೇಳಿದರೆ ಅವನಿಗೂ ತಿಳಿಯದು. ಬರಿಗೈಯಲ್ಲಿ ಮನೆಗೆ ಬಂದು ಸಂಗತಿ ಹೇಳಿದಾಗ ನನ್ನ ಹೆಂಡತಿ ಕೇಳಿದಳು: “ಅಲ್ರೀ, ತುಳಸಿಗೆ ದೀಪಾ ಹಚ್ಚೂದು ಗೊತ್ತದ. ದೀಪಾ ಹಚ್ಚಿ ತುಳಸಿ ಬೆಳಸೂದು ಎಲ್ಲೆರೆ ಅದ ಏನ್ರಿ?” ಈ ಪ್ರಶ್ನೆಯನ್ನು ಹಿಡಿದು ನಾನು ಕೆಲವು ತಿಂಗಳು ಗ್ರಂಥಾಲಯಗಳಲ್ಲಿ ಕುಳಿತೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಕನ್ನಡ ಪಾಠ ಹೇಳಿದವನು. ಆದರೂ ನನಗೆ ದೊರೆತ ಕಥೆ ಒಂದು ಒಳ್ಳೆಯ ಕಥೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನ್ನಿಸಿದೆ.

ಮೊದಲಿಗೆ ಒಂದು ಮಾತು. ಬೆಳಕು, ಬೆಳೆ ಎಂಬ ಎರಡು ಪದಗಳನ್ನು ಕೇಳಿದರೆ ಅವು ಒಡಹುಟ್ಟಿದವೆಂದೇ ಯಾರಿಗಾದರೂ ತೋರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಹಾಗೆಯೇ ಬರೆದು ಅಂಕ ಕಳೆದುಕೊಂಡಿದ್ದಾರೆ. ಬೆಳಕಿನ ಬಂಧು ತಮಿಳಿನ ವಿಳಕ್ಕು, ಎಂದರೆ ದೀಪ. ಬೆಳೆಯ ಬಂಧು ತಮಿಳಿನ ವಿಳೈ. ಬರೋ ಮತ್ತು ಎಮೆನೋ ತಮ್ಮ ದ್ರಾವಿಡ ನಿಘಂಟಿನಲ್ಲಿ ಇವೆರಡನ್ನೂ ಬೇರೆ ಬೇರೆ ಮನೆಗಳಲ್ಲಿ ಇರಿಸಿದ್ದಾರೆ. ಭಾಷಾಶಾಸ್ತ್ರ ಒಪ್ಪದ ಈ ನಂಟನ್ನು ಸಸ್ಯಶಾಸ್ತ್ರ ಒಪ್ಪಿತು, ಆದರೆ ಬಹಳ ತಡವಾಗಿ. ಗಿಡ ಮಣ್ಣನ್ನೂ ನೀರನ್ನೂ ಉಂಡು ಬೆಳೆಯುತ್ತದೆಯೆಂದೇ ಲೋಕ ಸಾವಿರಾರು ವರ್ಷ ನಂಬಿತ್ತು.

ಈ ನಂಬಿಕೆಯನ್ನು ಅಲುಗಿಸಿದ ಮೊದಲಿಗರಲ್ಲಿ ಒಂದು ಪುದೀನದ ಚಿಗುರೂ ಸೇರಿದೆ. ೧೭೭೧ರ ಆಗಸ್ಟ್ ತಿಂಗಳು, ಇಂಗ್ಲೆಂಡಿನ ಲೀಡ್ಸ್ ಪಟ್ಟಣ. ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಗಾಜಿನ ಪಾತ್ರೆಯೊಂದರೊಳಗೆ ಮೇಣದ ಬತ್ತಿಯನ್ನು ಉರಿಸಿದ. ಒಳಗಿನ ಗಾಳಿ ಕೆಟ್ಟು ಬತ್ತಿ ಆರಿತು. ಆ ಕೆಟ್ಟ ಗಾಳಿಯಲ್ಲಿ ಅವನು ಒಂದು ಪುದೀನದ ಕುಡಿಯನ್ನಿರಿಸಿದ. ಹತ್ತು ದಿನಗಳ ಮೇಲೆ ನೋಡಿದರೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ದೀಪ ಕೆಡಿಸಿದ ಗಾಳಿಯನ್ನು ಗಿಡ ಶುದ್ಧಿಮಾಡಿತ್ತು. ದೀಪವೂ ಅಡುಗೆಮನೆಯ ಸೊಪ್ಪೂ ವಿಜ್ಞಾನದ ಚರಿತ್ರೆಯಲ್ಲಿ ಹೀಗೆ ಒಂದೇ ಪಾತ್ರೆಯಲ್ಲಿ ಭೇಟಿಯಾದುವು. ಆದರೆ ಪ್ರೀಸ್ಟ್ಲಿ ಮುಂದೆ ಇದೇ ಪ್ರಯೋಗವನ್ನು ಮಾಡಿದಾಗ ಕೆಲವು ಸಲ ಅದು ಫಲಿಸಿತು, ಕೆಲವು ಸಲ ಫಲಿಸಲಿಲ್ಲ. ಪಾತ್ರೆಯನ್ನು ಎಲ್ಲಿಟ್ಟಿದ್ದೇನೆ, ಬಿಸಿಲಿಗೋ ನೆರಳಿಗೋ ಎಂಬ ಕಡೆಗೆ ಅವನ ಗಮನ ಹೋಗಿರಲಿಲ್ಲ.

ಗಮನ ಹರಿಸಿದವನು ಹಾಲೆಂಡಿನ ವೈದ್ಯ ಯಾನ್ ಇಂಗನ್‌ಹೌಸ್. ೧೭೭೯ರ ಬೇಸಗೆಯಲ್ಲಿ ಲಂಡನ್ನಿನ ಬಳಿ ಹಳ್ಳಿಮನೆಯೊಂದನ್ನು ಹಿಡಿದು, ಒಂದೇ ಋತುವಿನಲ್ಲಿ ಐನೂರಕ್ಕೂ ಮೀರಿ ಪ್ರಯೋಗಗಳನ್ನು ಮಾಡಿದ. ಗಿಡದ ಹಸಿರು ಭಾಗ ಮಾತ್ರ ಗಾಳಿಯನ್ನು ಶುದ್ಧಿಮಾಡುತ್ತದೆ, ಅದೂ ಬೆಳಕಿನಲ್ಲಿ ಮಾತ್ರ. ಇರುಳಿನಲ್ಲಿ ಗಿಡವೂ ನಮ್ಮಂತೆಯೇ ಗಾಳಿಯನ್ನು ಕೆಡಿಸುತ್ತದೆ ಎಂದು ತೋರಿಸಿಕೊಟ್ಟ. ಸೂರ್ಯನ ಬಿಸುಪಲ್ಲ, ಬೆಳಕೇ ಇದಕ್ಕೆ ಕಾರಣವೆಂದೂ ಅವನು ಕಂಡುಕೊಂಡ. ಸೂರ್ಯನನ್ನು ಜಗಚ್ಚಕ್ಷುವೆಂದೂ ಪೋಷಕನೆಂದೂ ಕರೆದ ನಮ್ಮ ಹಿರಿಯರಿಗೆ ಇದು ಹೊಸದಲ್ಲವೆಂದು ಹೇಳುವವರುಂಟು. ನಾನು ಆ ಮಾತನ್ನು ಒಪ್ಪುವುದಿಲ್ಲ. ಸ್ತುತಿ ಬೇರೆ, ಐನೂರು ಪ್ರಯೋಗ ಬೇರೆ.

ಬೆಳಕೇ ಆಹಾರವಾದರೆ ಸೂರ್ಯನದೇ ಆಗಬೇಕೇ? ದೀಪದ್ದಾದರೆ ಸಾಲದೇ? ಇದನ್ನು ಕೇಳಿದವರಲ್ಲಿ ಜಿನೀವದ ಸಸ್ಯಶಾಸ್ತ್ರಜ್ಞ ಡಿ ಕಾಂಡೋಲ್ ಮುಖ್ಯನಾದವನು. ಅವನು ಆರಿಸಿಕೊಂಡದ್ದು ನಮ್ಮ ಬದುಗಳಲ್ಲಿ ಬೆಳೆಯುವ ಮುಟ್ಟಿದರೆ ಮುನಿ. ಈ ಗಿಡ ಹಗಲು ಎಲೆ ಬಿಚ್ಚಿ ಇರುಳು ಮುಚ್ಚಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವನು ಅದನ್ನು ಹಗಲಿನಲ್ಲಿ ಕತ್ತಲೆಯಲ್ಲಿರಿಸಿ ಇರುಳಿನಲ್ಲಿ ದೀಪಗಳ ಬೆಳಕಿಗೊಡ್ಡಿದ. ಗಿಡ ಕೆಲವು ದಿನ ತಬ್ಬಿಬ್ಬಾಗಿ, ಬಳಿಕ ಇರುಳನ್ನೇ ಹಗಲೆಂದು ನಂಬಿ ಎಲೆ ಬಿಚ್ಚಿತು! ನಮ್ಮ ಜಗದೀಶಚಂದ್ರ ಬೋಸರು ನೂರು ವರ್ಷಗಳ ಮೇಲೆ ಇದೇ ಗಿಡವನ್ನು ಹಿಡಿದು ಸಸ್ಯಗಳ ಸ್ಪಂದನವನ್ನು ಅಳೆಯುವ ಸೂಕ್ಷ್ಮಯಂತ್ರಗಳನ್ನು ರಚಿಸಿದರೆಂಬುದನ್ನು ಇಲ್ಲಿ ನೆನೆಯಬಹುದು. ಗಿಡದ ಗಡಿಯಾರವನ್ನು ದೀಪ ತಿರುಗಿಸಬಲ್ಲುದೆಂದು ಹೀಗೆ ಸಿದ್ಧವಾಯಿತು. ಹೊಟ್ಟೆ ತುಂಬಿಸಬಲ್ಲುದೇ ಎಂಬುದು ಇನ್ನೂ ತಿಳಿಯಬೇಕಾಗಿತ್ತು.

ಅದಕ್ಕೆ ವಿದ್ಯುತ್ತಿನ ದೀಪವೇ ಬರಬೇಕಾಯಿತು. ೧೮೬೧ರಲ್ಲಿ ಫ್ರಾನ್ಸಿನ ಎರ್ವೆ ಮಾಂಗೋ ಎಂಬಾತ ವಿದ್ಯುತ್ ಚಾಪದೀಪದ ಬೆಳಕಿನಲ್ಲಿ ಮೊಳಕೆಗಳು ಹಸಿರಾಗುವುದನ್ನು ತೋರಿಸಿದ. ಆದರೆ ಈ ಕಥೆಯ ನಿಜವಾದ ನಾಯಕ, ನನ್ನ ಮಟ್ಟಿಗೆ, ವಿಲಿಯಂ ಸೀಮನ್ಸ್. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಈ ಎಂಜಿನಿಯರ್, ವಿದ್ಯುದ್ಯಂತ್ರಗಳಿಗೆ ಹೆಸರಾದ ಸೀಮನ್ಸ್ ಸೋದರರಲ್ಲಿ ಒಬ್ಬ. ಟನ್‌ಬ್ರಿಜ್ ವೆಲ್ಸ್ ಪಟ್ಟಣದ ಬಳಿ ಅವನಿಗೊಂದು ಮನೆ, ತೋಟ, ಗಾಜಿನ ಮನೆಗಳಿದ್ದುವು. ೧೮೮೦ರ ಚಳಿಗಾಲದಲ್ಲಿ ಅಲ್ಲಿ ೧೪೦೦ ಮೇಣದ ಬತ್ತಿಗಳಿಗೆ ಸಮವಾದ ಚಾಪದೀಪವೊಂದನ್ನು ನಿಲ್ಲಿಸಿದ. ಸಾಸಿವೆ, ಗಜ್ಜರಿ, ಹುರುಳಿಕಾಯಿ, ಸೌತೆ, ಕರಬೂಜದ ಸಸಿಗಳ ಕುಂಡಗಳನ್ನು ನಾಲ್ಕು ಗುಂಪಾಗಿ ಮಾಡಿದ. ಒಂದು ಗುಂಪಿಗೆ ಬರಿಯ ಕತ್ತಲೆ. ಇನ್ನೊಂದಕ್ಕೆ ಬರಿಯ ವಿದ್ಯುದ್ದೀಪ. ಮೂರನೆಯದಕ್ಕೆ ಬರಿಯ ಹಗಲು. ನಾಲ್ಕನೆಯದಕ್ಕೆ ಹಗಲೂ ದೀಪವೂ. ಕತ್ತಲೆಯಲ್ಲಿದ್ದವು, ನಮ್ಮ ಘಟ್ಟದ ಸಸಿಗಳಂತೆ, ಹಳದಿಯಾಗಿ ಸೊರಗಿ ಸತ್ತುವು. ದೀಪದಲ್ಲಿದ್ದವು ತಿಳಿಹಸಿರಾಗಿ ಬದುಕಿದುವು. ಹಗಲಿನಲ್ಲಿದ್ದವು ಅವಕ್ಕಿಂತ ಚೆನ್ನಾಗಿದ್ದುವು. ಎರಡನ್ನೂ ಪಡೆದವು ಎಲ್ಲಕ್ಕಿಂತ ಪುಷ್ಟವಾಗಿ, ಕಡುಹಸಿರಾಗಿ ಬೆಳೆದುವು. ಆ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಸೀಮನ್ಸ್ ಇದನ್ನೆಲ್ಲ ಓದಿದ.

ಸೀಮನ್ಸ್‌ನನ್ನು ನಾನು ಮೆಚ್ಚುವುದು ಅವನ ಯಶಸ್ಸಿಗಾಗಿ ಅಲ್ಲ, ಸೋಲನ್ನು ಅವನು ಗಮನಿಸಿದ ರೀತಿಗಾಗಿ. ಬರಿಯ ಚಾಪದೀಪದ ಹತ್ತಿರದ ಎಲೆಗಳು ಸುಟ್ಟಂತೆ ಮುರುಟುತ್ತಿದ್ದುವು. ದೀಪಕ್ಕೂ ಗಿಡಕ್ಕೂ ನಡುವೆ ತಿಳಿಯಾದ ಗಾಜನ್ನು ಹಿಡಿದರೆ ಆ ಹಾನಿ ತಪ್ಪುತ್ತಿತ್ತು. ಒಂದೇ ಎಲೆಯ ಅರ್ಧಕ್ಕೆ ಮಾತ್ರ ಗಾಜಿನ ಮರೆಯಿದ್ದರೆ ಕೆಟ್ಟ ಅರ್ಧಕ್ಕೂ ಉಳಿದ ಅರ್ಧಕ್ಕೂ ನಡುವೆ ಗೆರೆ ಎಳೆದಂತೆ ಅಂಚು ಮೂಡುತ್ತಿತ್ತು. ಮನುಷ್ಯನ ಕಣ್ಣಿಗೆ ಗಾಜಿನ ಈಚೆಗೂ ಆಚೆಗೂ ಬೆಳಕು ಒಂದೇ. ಗಿಡಕ್ಕೆ ಒಂದೇ ಅಲ್ಲ. ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಆ ಗಾಜು ತಡೆಯುತ್ತಿತ್ತು. ಮರುವರ್ಷ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ದೆಹೆರೇ ಎಂಬ ವಿಜ್ಞಾನಿ ಇದೇ ಪ್ರಯೋಗವನ್ನು ಮಾಡಿ, ಗಾಜಿಲ್ಲದ ದೀಪದಡಿ ಗಿಡಗಳನ್ನು ಕಳೆದುಕೊಂಡ.

ಸೀಮನ್ಸ್ ಈ ವಿದ್ಯೆಗೆ ವಿದ್ಯುತ್ ತೋಟಗಾರಿಕೆ ಎಂಬರ್ಥದ ಹೆಸರನ್ನೂ ಕೊಟ್ಟು, ೧೮೮೩ರಲ್ಲಿ ತೀರಿಕೊಂಡ. ನಮ್ಮ ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುತ್ತು ಬೆಳಕಾಗಿ ಬಂದದ್ದು ೧೯೦೫ರಲ್ಲಿ, ಎಂದರೆ ಅವನ ಸೌತೆಯ ಬಳ್ಳಿ ವಿದ್ಯುದ್ದೀಪದಡಿ ಬೆಳೆದ ಇಪ್ಪತ್ತೈದು ವರ್ಷಗಳ ಮೇಲೆ. ಬೀದಿದೀಪವನ್ನು ನೋಡಲು ಜನ ನೆರೆಯುತ್ತಿದ್ದ ಕಾಲಕ್ಕೆ ಬಹುದೂರದ ಒಂದು ತೋಟದಲ್ಲಿ ತರಕಾರಿಗಳು ಆ ಸಂಭ್ರಮವನ್ನು ಮುಗಿಸಿದ್ದುವು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಿಬರ್ಟಿ ಹೈಡ್ ಬೇಲಿ ಎಂಬ ತೋಟಗಾರಿಕೆಯ ಪ್ರಾಧ್ಯಾಪಕ ೧೮೮೯ರ ಬಳಿಕ ಈ ಕೆಲಸವನ್ನು ಮುಂದುವರಿಸಿದ. ಅವನ ಗಾಜಿನ ಮನೆಯಲ್ಲಿ ಲೆಟ್ಯೂಸ್ ಸೊಪ್ಪು ದೀಪದ ನೆರವಿನಿಂದ ಬೇಗ ಕೊಯ್ಲಿಗೆ ಬಂತು. ಆದರೆ ಪಾಲಕ್ ಎಲೆ ಬಿಡುವುದನ್ನು ಬಿಟ್ಟು ದಂಟೆತ್ತಿ ಬೀಜಕ್ಕೆ ನಿಂತಿತು. ಒಂದೇ ದೀಪ ಒಂದು ಸೊಪ್ಪಿಗೆ ವರವೂ ಇನ್ನೊಂದಕ್ಕೆ ಶಾಪವೂ ಆದದ್ದು ಏಕೆ?

ಇದಕ್ಕೆ ಉತ್ತರ ಹೊರಟದ್ದು ಒಂದು ಹಟಮಾರಿ ತಂಬಾಕಿನಿಂದ. ವಾಷಿಂಗ್ಟನ್ನಿನ ಬಳಿಯ ಸರಕಾರಿ ಪ್ರಯೋಗಕ್ಷೇತ್ರದಲ್ಲಿ ಮೇರಿಲ್ಯಾಂಡ್ ಮ್ಯಾಮತ್ ಎಂಬ ತಳಿಯ ತಂಬಾಕು ಬೇಸಗೆಯಲ್ಲಿ ಆಳೆತ್ತರವನ್ನೂ ಮೀರಿ ಬೆಳೆಯುತ್ತಿತ್ತು, ಹೂವು ಮಾತ್ರ ಬಿಡುತ್ತಿರಲಿಲ್ಲ. ಅದನ್ನೇ ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿಟ್ಟರೆ ಚಿಕ್ಕ ಗಿಡದಲ್ಲೇ ಹೂವು. ಗಾರ್ನರ್, ಅಲ್ಲಾರ್ಡ್ ಎಂಬಿಬ್ಬರು ೧೯೧೮ರ ಬೇಸಗೆಯಲ್ಲಿ ಬೆಳಕು ಹೊಗದ ಒಂದು ಗುಡಿಸಲನ್ನು ಕಟ್ಟಿ, ಮಧ್ಯಾಹ್ನ ನಾಲ್ಕಕ್ಕೆಲ್ಲ ಕೆಲವು ಗಿಡಗಳನ್ನು ಅದರೊಳಗೆ ಸೇರಿಸಿ ಬೇಸಗೆಯ ಹಗಲನ್ನು ಕತ್ತರಿಸಿದರು. ಒಳಗೆ ಹೋಗಿ ಬಂದ ಗಿಡಗಳು ಹೂವಾದುವು. ಹೊರಗೇ ಉಳಿದವು ಆಗಲಿಲ್ಲ. ಗಿಡ ಬೆಳಕನ್ನು ಉಣ್ಣುವುದಷ್ಟೇ ಅಲ್ಲ, ಹಗಲಿರುಳುಗಳ ಉದ್ದವನ್ನು ಎಣಿಸುತ್ತದೆ ಎಂಬ ಈ ಸಂಗತಿಯನ್ನು ಅವರು ೧೯೨೦ರಲ್ಲಿ ಪ್ರಕಟಿಸಿದರು. ಅದು ಎಣಿಸುವುದು ಮುಖ್ಯವಾಗಿ ಇರುಳನ್ನು ಎಂಬುದು ೧೯೩೮ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರಿಂದ ತಿಳಿಯಿತು. ಉದ್ದವಾದ ಇರುಳನ್ನು ನಡುವೆ ಕೊಂಚ ಹೊತ್ತಿನ ಬೆಳಕಿನಿಂದ ಮುರಿದರೆ ಸಾಕು, ಗಿಡದ ಲೆಕ್ಕ ತಪ್ಪುತ್ತದೆ.

ಇದು ಪರದೇಶದ ಮಾತಾಯಿತು ಎನ್ನಬೇಡಿ. ನಮ್ಮ ಬಯಲುಸೀಮೆಯ ಕೆಲವೆಡೆ ರಾತ್ರಿ ಪ್ರಯಾಣ ಮಾಡುವಾಗ ಹೊಲದ ತುಂಬ ಸಾಲುಸಾಲಾಗಿ ಬಲ್ಬುಗಳು ಉರಿಯುತ್ತಿರುವುದನ್ನು ನೀವು ಕಂಡಿರಬಹುದು. ಮದುವೆಯ ಚಪ್ಪರವೆಂದು ತಿಳಿದು ಬಳಿ ಹೋದರೆ ಅದು ಸೇವಂತಿಗೆಯ ಹೊಲ. ಸೇವಂತಿಗೆ ಉದ್ದದ ಇರುಳಿಗೆ ಹೂವಾಗುವ ಜಾತಿ. ಬೇಗ ಮೊಗ್ಗಿಗೆ ಹೋಗದೆ ಗಿಡ ಮೊದಲು ಬಲಿಯಲಿ, ಹೂವು ಬೇಕಾದ ಹೊತ್ತಿಗೆ ಬರಲಿ ಎಂದು ನಮ್ಮ ರೈತ ಆ ಬಲ್ಬುಗಳಿಂದ ಇರುಳನ್ನು ಮೊಟಕು ಮಾಡುತ್ತಾನೆ. ತಂಬಾಕಿನ ಗುಡಿಸಲಿನ ಪಾಠವನ್ನೇ ಅವನು ತಿರುಗುಮುರುಗಾಗಿ ಬಳಸುತ್ತಿದ್ದಾನೆ.

ದೀಪದ ಚರಿತ್ರೆಯ ಮುಂದಿನ ಭಾಗವನ್ನು ಬೇಗ ದಾಟಬಹುದು. ಹಳೆಯ ಬುರುಡೆ ಬಲ್ಬು ತಾನುಂಡ ವಿದ್ಯುತ್ತಿನಲ್ಲಿ ನೂರಕ್ಕೆ ಐದರಷ್ಟನ್ನು ಮಾತ್ರ ಬೆಳಕಾಗಿಸಿ ಉಳಿದದ್ದನ್ನು ಬಿಸಿಯಾಗಿ ಚೆಲ್ಲುತ್ತಿತ್ತು. ಗಿಡವನ್ನು ಹತ್ತಿರ ತಂದರೆ ಬಾಡುತ್ತಿತ್ತು, ದೂರವಿಟ್ಟರೆ ಉಪವಾಸ. ೧೯೩೮ರಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟು ತಣ್ಣಗಿತ್ತು. ಅದರಡಿ ಅಮೆರಿಕದ ಗೃಹಿಣಿಯರು ನೆಲಮಾಳಿಗೆಯಲ್ಲಿ ಆಫ್ರಿಕನ್ ವಯೊಲೆಟ್ ಹೂಗಳನ್ನು ಬೆಳೆಸಿದರು. ನಮ್ಮಂತಹ ಸಾಧಾರಣ ಸಂಸಾರಿಗಳ ಮನೆಯೊಳಗೆ ಗಿಡ ದೀಪದಿಂದ ಬೆಳೆದದ್ದು ಅಂದಿನಿಂದಲೇ.

ಇನ್ನು ಅಂಗಡಿಯವನ ನೇರಳೆ ದೀಪಕ್ಕೆ ಬರೋಣ. ಅದರ ಮೂಲ ೧೮೮೨ರಲ್ಲಿದೆ. ಎಂಗಲ್ಮನ್ ಎಂಬ ಜರ್ಮನ್ ವಿಜ್ಞಾನಿ ಒಂದು ಹಸಿರು ಪಾಚಿಯ ಎಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅದರ ಉದ್ದಕ್ಕೂ ಕಾಮನಬಿಲ್ಲಿನ ಬಣ್ಣಗಳನ್ನು ಹಾಯಿಸಿದ. ಆಮ್ಲಜನಕವನ್ನು ಹುಡುಕಿಕೊಂಡು ಹೋಗುವ ಸೂಕ್ಷ್ಮಜೀವಿಗಳನ್ನು ಆ ನೀರಿನಲ್ಲಿ ಬಿಟ್ಟ. ಅವು ಎಲ್ಲೆಡೆ ಸಮನಾಗಿ ಹರಡದೆ ಕೆಂಪು ಬೆಳಕು ಬಿದ್ದಲ್ಲಿ ಮತ್ತು ನೀಲಿ ಬೆಳಕು ಬಿದ್ದಲ್ಲಿ ಕಿಕ್ಕಿರಿದುವು, ಹಸಿರಿನೆಡೆಯಲ್ಲಿ ವಿರಳವಾದುವು. ಎಷ್ಟು ಸರಳ, ಎಷ್ಟು ಸುಂದರ ಪ್ರಯೋಗ! ಇದರಿಂದ ಕೆಂಪು ನೀಲಿಗಳೇ ಗಿಡದ ಅನ್ನ, ಹಸಿರು ಅದಕ್ಕೆ ಬೇಡ, ಬೇಡವಾದ್ದರಿಂದಲೇ ಎಲೆ ಅದನ್ನು ಹಿಂದಕ್ಕೆ ಚೆಲ್ಲಿ ಹಸಿರಾಗಿ ಕಾಣುತ್ತದೆ ಎಂಬ ಮಾತು ಹುಟ್ಟಿ, ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ನಡೆಯಿತು.

ಈ ಮಾತಿಗೆ ಮತ್ತೊಂದು ಬಲ ಬಾಹ್ಯಾಕಾಶದ ಕಡೆಯಿಂದ ಬಂತು. ೧೯೬೨ರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ರಚಿಸಿದ. ದೂರಪ್ರಯಾಣದ ನೌಕೆಯಲ್ಲಿ ಸೊಪ್ಪು ಬೆಳೆಯುವ ಹಂಬಲವಿದ್ದ ಅಮೆರಿಕನ್ನರಿಗೆ ಈ ಪುಟ್ಟ, ತಣ್ಣನೆಯ, ಒಡೆಯದ ದೀಪ ಹಿಡಿಸಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಕೆಂಪು ಎಲ್‌ಇಡಿಗಳಡಿ ಲೆಟ್ಯೂಸ್ ಬೆಳೆದು ೧೯೯೧ರಲ್ಲಿ ವರದಿ ಮಾಡಿದರು. ಆಗ ಪ್ರಖರವಾದ ನೀಲಿ ಎಲ್‌ಇಡಿ ಇನ್ನೂ ಇರಲಿಲ್ಲ. ನೀಲಿಗಾಗಿ ಟ್ಯೂಬ್‌ಲೈಟನ್ನು ಜೊತೆಗಿಟ್ಟಿದ್ದರು. ೧೯೯೩ರಲ್ಲಿ ಜಪಾನಿನ ನಕಮುರ ಪ್ರಖರ ನೀಲಿಯನ್ನು ಬೆಳಗಿಸಿದ. ಆ ಶೋಧಕ್ಕಾಗಿ ಅಕಸಾಕಿ ಮತ್ತು ಅಮಾನೊ ಅವರೊಡನೆ ಅವನಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೆಂಪೂ ನೀಲಿಯೂ ಕೂಡಿ ನೇರಳೆಯಾಯಿತು. ನೇರಳೆ ಅಂಗಡಿಗೆ ಬಂತು.

ಆದರೆ ಇಷ್ಟರಲ್ಲಿ ಇನ್ನೊಂದು ಕೆಲಸ ನಡೆದುಹೋಗಿತ್ತು. ಟೆಕ್ಸಾಸಿನ ಮೆಕ್ರೀ ಎಂಬ ವಿಜ್ಞಾನಿ ಪಾಚಿಯ ಎಳೆಯನ್ನು ಬಿಟ್ಟು ನಿಜವಾದ ಎಲೆಗಳನ್ನೇ ಹಿಡಿದ. ಇಪ್ಪತ್ತೆರಡು ಬಗೆಯ ಪೈರುಗಳ ಎಲೆಗಳ ಮೇಲೆ ಒಂದೊಂದೇ ಬಣ್ಣದ ಬೆಳಕನ್ನು ಹಾಯಿಸಿ, ಯಾವ ಬಣ್ಣದಿಂದ ಎಷ್ಟು ಫಲವೆಂದು ಅಳೆದು ೧೯೭೨ರ ಹೊತ್ತಿಗೆ ಪ್ರಕಟಿಸಿದ. ಕೆಂಪು ಮುಂದಿತ್ತು, ನಿಜ. ಆದರೆ ಹಸಿರು ಬೆಳಕನ್ನು ಎಲೆಗಳು ಬಿಸಾಡುತ್ತಿರಲಿಲ್ಲ; ಅದರ ಬಹುಪಾಲನ್ನು ಹೀರಿ ಕೆಲಸಕ್ಕೆ ಹಚ್ಚುತ್ತಿದ್ದುವು. ದಪ್ಪನೆಯ ಎಲೆಯೊಳಗೆ ಹಸಿರು ಬೆಳಕು ಕೆಂಪು ನೀಲಿಗಳಿಗಿಂತ ಆಳಕ್ಕೆ ಇಳಿದು ಕೆಳಪದರಗಳಿಗೆ ಉಣಿಸುತ್ತದೆಯೆಂಬುದು ಮುಂದಿನ ಸಂಶೋಧನೆಗಳಿಂದ ಇನ್ನೂ ಸ್ಪಷ್ಟವಾಯಿತು. ಎಂಗಲ್ಮನ್ ತಪ್ಪು ಹೇಳಿರಲಿಲ್ಲ. ಒಂದು ತೆಳುವಾದ ಪಾಚಿಯೆಳೆಯ ವಿಷಯದಲ್ಲಿ ಅವನು ಕಂಡದ್ದನ್ನು ಲೋಕದ ಎಲ್ಲ ಎಲೆಗಳಿಗೂ ಹಚ್ಚಿದವರು ಓದುಗರು. ಪದ್ಯದ ಅರ್ಧವನ್ನು ಕಂಠಪಾಠ ಮಾಡಿ ಪೂರ್ಣಾರ್ಥ ಹೇಳುವ ವಿದ್ಯಾರ್ಥಿಗಳನ್ನು ನಾನು ಮೂವತ್ತು ವರ್ಷ ಕಂಡಿದ್ದೇನೆ. ನೇರಳೆ ದೀಪ ಅಂಥ ಒಂದು ವ್ಯಾಖ್ಯಾನ. ಗಿಡ ಅದರಲ್ಲಿಯೂ ಬೆಳೆಯುತ್ತದೆ, ಇಲ್ಲವೆನ್ನಲಾರೆ. ಆದರೆ ಅದರಡಿ ಎಲೆ ಕಪ್ಪಗೆ ಕಾಣುತ್ತದೆ; ಹುಳ ಹತ್ತಿದರೆ ತಿಳಿಯದು, ಹಳದಿಯಾದರೆ ತಿಳಿಯದು. ಬಾಹ್ಯಾಕಾಶ ನಿಲ್ದಾಣಕ್ಕೆ ೨೦೧೪ರಲ್ಲಿ ಒಯ್ದ ತೋಟದ ಪೆಟ್ಟಿಗೆಯಲ್ಲಿ ಕೆಂಪು ನೀಲಿಗಳ ಜೊತೆ ಹಸಿರು ದೀಪವನ್ನೂ ಇಟ್ಟಿದ್ದರು. ೨೦೧೫ರ ಆಗಸ್ಟಿನಲ್ಲಿ ಗಗನಯಾತ್ರಿಗಳು ಅದರಲ್ಲಿ ಬೆಳೆದ ಸೊಪ್ಪನ್ನು ಕೊಯ್ದು ತಿಂದರು.

ಈಗ ನನ್ನ ನಂದಾದೀಪದ ಪ್ರಶ್ನೆಗೆ ಉತ್ತರ ಹೇಳಬಹುದು. ಬೆಳಕನ್ನು ನಾವು ಅಳೆದದ್ದೇ ಮೇಣದ ಬತ್ತಿಯಿಂದ. ೧೮೬೦ರಲ್ಲಿ ಇಂಗ್ಲೆಂಡಿನ ಕಾಯಿದೆಯೊಂದು ಇಂತಿಷ್ಟು ತೂಕದ, ಇಂತಿಷ್ಟು ವೇಗದಲ್ಲಿ ಉರಿಯುವ ಬತ್ತಿಯೇ ಮಾನವೆಂದು ವಿಧಿಸಿತ್ತು. ಒಂದು ಬತ್ತಿ ಒಂದು ಮೀಟರು ದೂರದಲ್ಲಿ ಕೊಡುವ ಬೆಳಕು ಸುಮಾರು ಒಂದು ಲಕ್ಸ್. ದೂರ ಇಮ್ಮಡಿಸಿದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆಂಬ ನಿಯಮವನ್ನು ಕೆಪ್ಲರ್ ೧೬೦೪ರಷ್ಟು ಹಿಂದೆಯೇ ಹೇಳಿದ್ದ. ಆ ಲೆಕ್ಕದಂತೆ ಗೇಣು ದೂರದಲ್ಲಿ ನಮ್ಮ ನಂದಾದೀಪ ಇಪ್ಪತ್ತು ಲಕ್ಸನ್ನು ಮುಟ್ಟೀತು. ನಡುಹಗಲ ಬಿಸಿಲೋ, ಸುಮಾರು ಒಂದು ಲಕ್ಷ! ನಾವು ಚೆನ್ನಾಗಿ ಬೆಳಕಿದೆಯೆಂದು ಕುಳಿತು ಓದುವ ಕೋಣೆಯಲ್ಲಿ ಇರುವುದು ಮುನ್ನೂರು ಲಕ್ಸ್. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಈ ಅಂತರವನ್ನು ನಮ್ಮಿಂದ ಮರೆಮಾಡುತ್ತದೆ. ಎಲೆಗೆ ಅಂಥ ಪಾಪೆಯಿಲ್ಲ.

ಅಷ್ಟೇ ಅಲ್ಲ. ಲಕ್ಸ್, ಲುಮೆನ್ ಎಂಬ ಈ ಮಾನಗಳು ೧೯೨೪ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿದ ಮನುಷ್ಯನೇತ್ರದ ಅಭಿರುಚಿಯನ್ನು ಅವಲಂಬಿಸಿವೆ. ನಮ್ಮ ಕಣ್ಣಿಗೆ ಹಸಿರು ಅತ್ಯಂತ ಉಜ್ಜ್ವಲ; ಕೆಂಪು ನೀಲಿಗಳು ಮಂಕು. ಗಿಡಕ್ಕೆ ಹಾಗಲ್ಲ. ಅದಕ್ಕೆ ಬೇಕಾದದ್ದು ಬೆಳಕಿನ ಕಣಗಳ ಎಣಿಕೆ. ಬೆಳಕು ಕಣಗಳಾಗಿ ಬರುತ್ತದೆಂದು ಐನ್‌ಸ್ಟೈನ್ ಹೇಳಿದ್ದೂ, ಬೆಂಗಳೂರಿಗೆ ಬೀದಿದೀಪ ಬಂದ ಅದೇ ೧೯೦೫ರಲ್ಲಿ. ಈಗ ಗಿಡದ ದೀಪವನ್ನು ಬಲ್ಲವರು ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಎಷ್ಟು ಮೈಕ್ರೋಮೋಲ್ ಕಣಗಳು ಬೀಳುತ್ತವೆಂದು ಕೇಳುತ್ತಾರೆ. ನಡುಹಗಲಲ್ಲಿ ಅದು ಎರಡು ಸಾವಿರ. ತುಳಸಿ ಪುದೀನಗಳಂಥವುಗಳಿಗೆ ದಿನಕ್ಕೆ ಹದಿನಾಲ್ಕು ತಾಸು ಇನ್ನೂರರ ಆಸುಪಾಸು ದೊರೆತರೆ ಬದುಕು ಸಾಗುತ್ತದೆ. ಅಂಗಡಿಯ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿದ್ದದ್ದು ವ್ಯಾಟು. ಅದು ದೀಪದ ಊಟದ ಲೆಕ್ಕ, ಗಿಡದ ಊಟದ್ದಲ್ಲ.

ಇಷ್ಟು ತಿಳಿದ ಮೇಲೆ ನಾನು ಮತ್ತೆ ಅಂಗಡಿಗೆ ಹೋಗಿ ಬಿಳಿಯ ಪಟ್ಟಿಗಳನ್ನೇ ಕೊಂಡೆ. ನಾಲ್ಕು ಅಡಿ ಉದ್ದದ, ಇಪ್ಪತ್ತು ವ್ಯಾಟಿನ ಮೂರು. ಅಂಗಡಿಯವನು, ಈ ಮುದುಕ ಮೋಸಹೋದ ಎಂಬಂತೆ ನೋಡಿದ. ಬಿಳಿಯ ಎಲ್‌ಇಡಿಯಲ್ಲಿ ಮೂಲತಃ ನೀಲಿ ಬೆಳಕೇ ಇದ್ದು, ಒಂದು ಹೊಳೆಯುವ ಲೇಪ ಅದರ ಭಾಗವನ್ನು ಹಸಿರು, ಹಳದಿ, ಕೆಂಪುಗಳಾಗಿ ಮಾರ್ಪಡಿಸುತ್ತದೆ. ಎಲೆಗೆ ಬೇಕಾದುದೆಲ್ಲ ಅದರಲ್ಲಿದೆ, ನಮ್ಮ ಕಣ್ಣಿಗೂ ಹಿತ. ಒಂದಡಿ ಅಗಲದ ಕಪಾಟಿನ ಹಲಗೆಗೆ ಮೂರನ್ನೂ ಒತ್ತೊತ್ತಾಗಿ ಬಿಗಿದು, ಗಿಡಗಳ ತುದಿಗೂ ದೀಪಕ್ಕೂ ಒಂದು ಗೇಣು ಅಂತರವಿರಿಸಿದೆ. ಎತ್ತರದ ಛಾವಣಿಗೆ ಎಷ್ಟು ದೊಡ್ಡ ದೀಪ ಹಾಕಿದರೂ ಕೆಪ್ಲರನ ನಿಯಮದ ಮುಂದೆ ಅದು ನಡೆಯದು. ಹತ್ತಿರದ ಚಿಕ್ಕ ದೀಪವೇ ಲೇಸು. ದಿನಕ್ಕೆ ಹದಿನಾಲ್ಕು ತಾಸಿನಂತೆ ತಿಂಗಳಿಗೆ ಸುಮಾರು ಇಪ್ಪತ್ತೈದು ಯೂನಿಟ್ಟು ವಿದ್ಯುತ್ತು ಖರ್ಚಾಗುತ್ತದೆ. ಎರಡು ಹಿಡಿ ಸೊಪ್ಪಿಗೆ ಇದು ದುಬಾರಿಯೇ ಸರಿ. ಸಂತೆಯ ಕೊತ್ತಂಬರಿಯನ್ನು ಯಾವ ದೀಪವೂ ಬೆಲೆಯಲ್ಲಿ ಸೋಲಿಸಲಾರದು. ಆ ಲೆ��್ಕದಿಂದ ನೋಡುವವರು ದೀಪವನ್ನು ಕೊಳ್ಳದಿರುವುದೇ ವಾಸಿ.

ನಾನೂ ಒಂದು ತಪ್ಪು ಮಾಡಿದೆ. ಬೇಗ ಬೆಳೆಯಲೆಂಬ ಆಸೆಯಿಂದ ಮೊದಲ ತಿಂಗಳು ಹದಿನೆಂಟು ತಾಸು ದೀಪ ಉರಿಸಿದೆ. ಬೇಲಿಯ ಪಾಲಕ್ಕಿನ ಕಥೆಯನ್ನು ಓದಿದ್ದವನೇ ಹೀಗೆ ಮಾಡಿದೆನಲ್ಲ ಎಂದು ಈಗ ನಗು ಬರುತ್ತದೆ. ಕೊತ್ತಂಬರಿಯೂ ಅದೇ ಸ್ವಭಾವದ್ದು. ಹಗಲು ನಿಡಿದಾದಷ್ಟೂ ಬೇಗ ದಂಟೆತ್ತುತ್ತದೆ. ಎರಡನೆಯ ಕೊಯ್ಲಿಗೆ ಮೊದಲೇ ಬಿಳಿಯ ಹೂವಿನ ಕೊಡೆ ಹಿಡಿದು ನಿಂತಿತು. “ಇರಲಿ ಬಿಡ್ರಿ, ಸಾರಿಗೆ ಹವೀಜರೆ ಆಗತಾವ” ಎಂದು ನನ್ನ ಹೆಂಡತಿ ಅದನ್ನು ಕೀಳಗೊಡಲಿಲ್ಲ.

ತುಳಸಿ ಐದನೆಯ ವಾರದಲ್ಲಿ ಕಡ್ಡಿಯ ಗಂಟುಗಳಲ್ಲಿ ಚಿಗುರಿತು. ಈಗ ಎಲೆಗಳು ಚಿಕ್ಕವಾಗಿ, ಒತ್ತಾಗಿ, ಉಜ್ಜಿದರೆ ಘಮ್ಮೆನ್ನುವಂತೆ ಇವೆ. ದೀಪಕ್ಕೆ ಹೊತ್ತು ನೋಡಿ ತಾನೇ ಹತ್ತಿ ಆರುವ ಗಡಿಯಾರದ ಸ್ವಿಚ್ಚನ್ನು ಹಾಕಿದ್ದೇನೆ. ಬೆಳಗಿನ ಆರರಿಂದ ರಾತ್ರಿ ಎಂಟರವರೆಗೆ ನಾವು ಅದನ್ನು ಮುಟ್ಟಬೇಕಾಗಿಲ್ಲ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಹೆಂಡತಿ ಎದ್ದು ಬಂದು ಆ ಮೂರೂ ಪಟ್ಟಿಗಳನ್ನು ಆರಿಸುತ್ತಾಳೆ. ಕತ್ತಲಾದ ಕಪಾಟಿನ ಮುಂದೆ ಒಂದು ಎಣ್ಣೆಯ ಹಣತೆಯನ್ನಿಟ್ಟು ಕೈಮುಗಿಯುತ್ತಾಳೆ. ಹತ್ತು ನಿಮಿಷದ ಮೇಲೆ ಮತ್ತೆ ಸ್ವಿಚ್ಚು ಹಾಕುತ್ತಾಳೆ. ಹತ್ತು ನಿಮಿಷದ ಬೆಳಕು ಗಿಡಕ್ಕೆ ನಷ್ಟವಾಗುತ್ತದಲ್ಲ ಎಂದು ಲೆಕ್ಕ ಹೇಳಹೊರಟಿದ್ದೆ, ಹೇಳಲಿಲ್ಲ.